ರೊಕ್ಕ ಕೊಟ್ಟು ತಂದ ಸಿನಿಮಾ

ಜಂಬಪ್ಪನ ಸಿಡಿ ಅಂಗಡಿಗೆ ಪೊಲೀಸರು ನುಗ್ಗಿದ ದಿನ ಗಂಗಾಂಬಿಕಾ ಬದನೆಕಾಯಿ ಕೊಂಡುಕೊಂಡು ಹೊಸಪೇಟೆ ಬಸ್‌ಸ್ಟ್ಯಾಂಡಿನ ಮಗ್ಗುಲಿಗೆ ಬರುತ್ತಿದ್ದಳು. ಜೀಪು ನಿಂತಿತ್ತು, ಜನ ನೆರೆದಿದ್ದರು. ಪೊಲೀಸರು ಸಿಡಿಗಳನ್ನು ಈರುಳ್ಳಿ ತುಂಬಿದ ಹಾಗೆ ಗೋಣಿಚೀಲಕ್ಕೆ ತುಂಬುತ್ತಿದ್ದರು. ನಿನ್ನೆಯವರೆಗೂ ಗಲ್ಲಾದ ಮೇಲೆ ಕಾಲು ಚಾಚಿ ಕೂರುತ್ತಿದ್ದ ಜಂಬಪ್ಪ ಒಂದು ಮೂಲೆಯಲ್ಲಿ ಚಪ್ಪಲಿಯೂ ಇಲ್ಲದೆ ನಿಂತಿದ್ದ. ಅದೇ ಸಾಲಿನ ಕೊನೆಯಲ್ಲಿ ಅವಳ ಗಂಡ ಮುರುಗೇಶನ ಅಂಗಡಿ. ಅಲ್ಲಿ ಮಾರುತ್ತಿದ್ದುದನ್ನೇ ಇಲ್ಲಿಯೂ ಮಾರುತ್ತಿದ್ದರು. ಮುರುಗೇಶ ಶಟರ್ ಅರ್ಧ ಎಳೆದುಕೊಂಡು ಒಳಗೆ ಕತ್ತಲಲ್ಲಿ ನಿಂತಿದ್ದ.

ಆಮೇಲೊಂದು ಮಧ್ಯಾಹ್ನ ಅವಳು ಜಂಬಪ್ಪನ ಹೆಂಡತಿ ಹುಲುಗಮ್ಮನನ್ನು ಪೊಲೀಸ್ ಸ್ಟೇಷನ್ನಿನ ಗೇಟಿನ ಹತ್ತಿರ ನೋಡಿದಳು. ಕೈಯಲ್ಲಿ ಬುತ್ತಿ ಕ್ಯಾರಿಯರ್, ತಲೆಯ ಮೇಲೆ ಸೆರಗು. ಒಳಗೆ ಬಾ ಎನ್ನುವವರಿಲ್ಲ, ಹೋಗು ಎನ್ನುವವರೂ ಇಲ್ಲ. ಬಿಸಿಲಲ್ಲಿ ಹಾಗೇ ನಿಂತಿದ್ದಳು. ಗಂಗಾಂಬಿಕಾಗೆ ಮಾತಾಡಿಸುವ ಧೈರ್ಯ ಬರಲಿಲ್ಲ. ಮುಖ ತಿರುಗಿಸಿಕೊಂಡು ದಾಟಿ ಬಂದಳು. ಬಂದಳೇನೋ ಸರಿ, ಆ ಕ್ಯಾರಿಯರ್ ಅವಳ ಹಿಂದೆಯೇ ಮನೆಗೆ ಬಂತು.

ಆಗ ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಹಗಲು ಇರುಳು ಹರಿಯುತ್ತಿದ್ದ ಕಾಲ. ವಡ್ಡು ಎಂಬ ಊರಿನ ದಾರಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತರೆ ಅರ್ಧ ದಿನ ಕದಲುತ್ತಿರಲಿಲ್ಲ. ನಿಂತ ಡ್ರೈವರುಗಳಿಗೆ ಹೊತ್ತು ಹೋಗಬೇಕಲ್ಲ? ಎಲ್ಲರ ಕೈಯಲ್ಲೂ ದೊಡ್ಡ ಪರದೆಯ ಚೀನಾ ಮೊಬೈಲು. ಅದರ ಮೆಮೊರಿ ಕಾರ್ಡಿಗೆ ಹೊಸ ಪಿಚ್ಚರ್ ತುಂಬಿಸಿ ಕೊಡುವುದು ಮುರುಗೇಶನ ಕಸುಬು. ಅವನ ತಮ್ಮ ಹಾಲೇಶ ಸಂಡೂರಿನ ಗಣಿಯಲ್ಲೇ ಲೋಡಿಂಗ್ ಸೂಪರ್‌ವೈಸರ್. ಲಾರಿ ಸಾಲಿನುದ್ದಕ್ಕೂ ನಡೆದು ಕಾರ್ಡುಗಳನ್ನು ಹಳೇ ಮುಲಾಮಿನ ಡಬ್ಬಿಯಲ್ಲಿ ಕೂಡಿಸಿ ಅಣ್ಣನಿಗೆ ತಂದು ಕೊಡುತ್ತಿದ್ದ. ಪಿಚ್ಚರುಗಳು ಇಂಟರ್ನೆಟ್ಟಿನಿಂದ ಇಳಿದು ಬರುತ್ತಿದ್ದವು. ಟಾಕೀಸಿನಲ್ಲಿ ಯಾರೋ ಕಳ್ಳ ಕ್ಯಾಮರಾ ಹಿಡಿದು ತೆಗೆದವು. ಕಾಸು ಕೊಟ್ಟು ತಂದದ್ದು ಅವುಗಳಲ್ಲಿ ಒಂದೂ ಇರಲಿಲ್ಲ.

ಇದು ಮನೆಯ ಯಜಮಾನ, ಮುರುಗೇಶನ ಅಪ್ಪ ಮರುಳಸಿದ್ದಪ್ಪನಿಗೆ ಗೊತ್ತಿರಲಿಲ್ಲ. ಅವರು ಕಂಪ್ಲಿಯಲ್ಲಿ ಅಕ್ಕಿ ಮಿಲ್ಲು ನಡೆಸಿದವರು. ಮಿಲ್ಲು ಮಾರಿ ಬಂದದ್ದರಲ್ಲಿ ದೊಡ್ಡ ಮಗನಿಗೆ ಈ ಅಂಗಡಿ ಹಾಕಿಕೊಟ್ಟಿದ್ದರು. ಸೋಪಿನ ಕಂಪನಿ ಸೋಪು ಕಳಿಸುವ ಹಾಗೆ ಸಿನಿಮಾ ಕಂಪನಿ ಸಿನಿಮಾ ಕಳಿಸುತ್ತದೆ ಎಂದೇ ಅವರ ತಿಳುವಳಿಕೆ. ಅಲ್ಲ ಎಂದು ಹೇಳುವವರು ಯಾರು? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಮುದುಕರು ಮಠಕ್ಕೆ ಹೋಗಿದ್ದ ಸಂಜೆ ಗಂಗಾಂಬಿಕಾ ಗಂಡನಿಗೆ ರೊಟ್ಟಿ ಬಡಿಸುತ್ತಾ ಮಾತು ತೆಗೆದಳು.

"ಏನ್ರೀ, ನಾಳಿ ನಮ್ಮ ಅಂಗಡಿಗೆ ಬಂದ್ರ?"

"ಬರಂಗಿಲ್ಲ. ಜಂಬಪ್ಪ ಯಾರ ಕೂಡಾನೋ ಜಗಳ ತಗದಿದ್ದ, ಅದಕ್ಕ ಬಂದಾರ."

"ನಮ್ಮ ಅಂಗಡಿ ಯಾರ ಹೆಸರಿಲೆ ಐತಿ?"

ಮುರುಗೇಶ ಚಟ್ನಿಯ ಬಟ್ಟಲಿಗೆ ಕೈ ಚಾಚಿದ. ಅವಳೇ ಮುಂದುವರಿಸಿದಳು.

"ಮಾವಾರ ಹೆಸರಿಲೆ ಐತಿ. ಲೈಸೆನ್ಸು ಅವರದು, ನೆಟ್ ಬರೋ ಫೋನೂ ಅವರದು. ಬಂದ್ರ ಯಾರನ್ನ ಕರಕೊಂಡ್ ಹೋಗ್ತಾರ, ನೀವ ಹೇಳ್ರಿ. ಈ ವಯಸ್ಸಿನಾಗ ಅವರಿಗೆ ನಾ ಸ್ಟೇಷನ್ನಿಗೆ ಬುತ್ತಿ ಒಯ್ಯಬೇಕೇನು?"

"ಸುಮ್ನ ಉಣ್ಣಾಕ ಬಿಡ್ತೀಯೇನು?" ಎಂದ ಮುರುಗೇಶ. ಆದರೆ ಉಣ್ಣಲಿಲ್ಲ. ಎರಡನೆಯ ರೊಟ್ಟಿ ತಾಟಿನಲ್ಲೇ ಉಳಿಯಿತು.

ಮರುದಿನ, ಪೊಲೀಸರು ಬಂದರೂ ಅಂಗಡಿಯಲ್ಲಿ ಸಿಗಬಾರದೆಂದು, ಅಲ್ಲಿಯ ಕಂಪ್ಯೂಟರ್ ಆಟೋದಲ್ಲಿ ಮನೆಗೆ ಬಂತು. ಮಗಳು ಪೂಜಿತಾ ಪಿಯುಸಿ ಓದುತ್ತಿದ್ದಾಳೆ, ಅವಳಿಗೆ ಬೇಕು ಎಂದು ಮರುಳಸಿದ್ದಪ್ಪನಿಗೆ ಹೇಳಿದರು. ಮುದುಕರು ಅದಕ್ಕೆ ವಿಭೂತಿ ಹಚ್ಚಿ ಕೈಮುಗಿದರು. ಗಂಗಾಂಬಿಕಾ ಮಾತ್ರ ಬಾಂಬು ತಂದಿಟ್ಟವರಂತೆ ಅದರ ಸುತ್ತ ಬಳಸಿ ಓಡಾಡಿದಳು. ಅಂಗಡಿಯಲ್ಲಿದ್ದ ಭಯ ಈಗ ನಡುಮನೆಯಲ್ಲೇ ಕೂತಿತು. ಬೀದಿಯಲ್ಲಿ ಜೀಪಿನ ಸದ್ದಾದರೆ ಒಗ್ಗರಣೆ ಸೀಯುತ್ತಿತ್ತು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಮುದುಕರು ಉಂಡು ಮುಗಿಸಿ, "ಇವತ್ತು ಸಮುದ್ರದ ನೀರು ಹಾಕೀಯೇನವ್ವಾ?" ಎಂದಷ್ಟೇ ಕೇಳಿದರು.

ಅವ್ವನ ಅವಸ್ಥೆ ನೋಡಲಾರದೆ ಪೂಜಿತಾ ಒಂದು ದಿನ ಹೇಳಿದಳು: "ಅವ್ವಾ, ನೆಟ್‌ನ್ಯಾಗ ರೊಕ್ಕ ಕೊಟ್ಟು ತಗಳ್ಳೋ ಸಿನಿಮಾನೂ ಇರ್ತಾವು. ಹುಡುಕೋಣೇನು?"

"ರೊಕ್ಕ ಕೊಟ್ರ ಪೊಲೀಸ್ನೋರು ಕೇಳಂಗಿಲ್ಲೇನು?"

"ಕೊಂಡಿದ್ದನ್ನ ಯಾಕ ಕೇಳ್ತಾರ?"

ತಾಯಿ ಮಗಳು ಸಂಜೆ ದೀಪ ಹಚ್ಚಿದ ಮೇಲೆ ಕಂಪ್ಯೂಟರಿನ ಮುಂದೆ ಕೂರುವುದು ರೂಢಿಯಾಯಿತು. ಗಂಗಾಂಬಿಕಾ ಅವರೆಕಾಯಿ ಸುಲಿಯುತ್ತಾ ಕೂರುವಳು, ಪೂಜಿತಾ ಓದಿ ಹೇಳುವಳು. ಪುಕ್ಕಟೆ ಪುಕ್ಕಟೆ ಎಂದು ಮಿಣುಕುವ ಪುಟಗಳೇ ಹೆಚ್ಚು. "ಪುಕ್ಕಟೆ ಅಂದದ್ದೆಲ್ಲ ದಾಟು" ಎಂದು ಗಂಗಾಂಬಿಕಾ ಅಪ್ಪಣೆ ಮಾಡಿದಳು. ಹೊರದೇಶದ ದೊಡ್ಡ ಅಂಗಡಿಗಳು ನಿಮ್ಮ ದೇಶಕ್ಕೆ ಕೊಡುವುದಿಲ್ಲ ಎಂದವು. ಕೊನೆಗೆ ನಮ್ಮ ದೇಶದ್ದೇ ಒಂದು ಕಂಪನಿ ಸಿಕ್ಕಿತು. ಹಿಂದಿ ಚಿತ್ರಗಳು ರಾಶಿ, ಕನ್ನಡದವು ಕೆಳಗೆಲ್ಲೋ ಒಂದು ಹಿಡಿ.

"ಇವರ ಅಡ್ರೆಸ್ ಐತೇನು? ಫೋನ್ ನಂಬರ್ ಐತೇನು? ಅಂಗಡಿ ಅಂದ್ಮ್ಯಾಲೆ ಬಾಗಲಾ ಇರಬೇಕಲ್ಲ" ಎಂದಳು ಗಂಗಾಂಬಿಕಾ. ಇತ್ತು. ಫೋನು ಹಚ್ಚಿಸಿದಳು. ಆ ಕಡೆ ಒಬ್ಬ ಹುಡುಗಿ ನಮಸ್ಕಾರ ಹೇಳಿ ಹೆಸರು ಕೇಳಿದಳು. ಕಳ್ಳರು ಹೆಸರು ಕೇಳುವುದಿಲ್ಲ ಎಂದು ಗಂಗಾಂಬಿಕಾಗೆ ನಂಬಿಕೆ ಬಂತು.

ಮುರುಗೇಶನ ಬ್ಯಾಂಕ್ ಕಾರ್ಡು ನೆಟ್ಟಿನಲ್ಲಿ ನಡೆಯಲಿಲ್ಲ. ಹಾಲೇಶನ ಸಂಬಳದ ಕಾರ್ಡು ನಡೆಯಿತು. ಭಾನುವಾರ ಊಟಕ್ಕೆ ಬಂದಿದ್ದ ಆತ ಕಾರ್ಡು ಕೊಡುತ್ತಾ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅತ್ಗಿ, ಬಾಜೂಕ ಹೊಳಿ ಹರಿಯಾಕತ್ತೈತಿ. ನೀವು ಬಾಟ್ಲಿ ನೀರು ಕೊಳ್ಳಾಕತ್ತೀರಿ!"

"ಆ ಹೊಳಿ ನಿಮ್ಮಪ್ಪಂದಲ್ಲಪ್ಪಾ ಹಾಲೇಶಾ. ಲೈಸೆನ್ಸು ಮಾತ್ರ ನಿಮ್ಮಪ್ಪಂದು."

ಹಾಲೇಶ ನಗು ಬಿಟ್ಟು ಕಾರ್ಡಿನ ನಂಬರು ಓದಿ ಹೇಳಿದ.

ಕರೆಂಟು ಹೋಗಿ ಬಂದು, ನೆಟ್ಟು ನಿಂತು ನಡೆದು, ಒಂದು ಹಳೆಯ ಭಕ್ತಿ ಚಿತ್ರ ಎಷ್ಟೋ ಹೊತ್ತಿಗೆ ಪೂರ್ತಿ ಇಳಿಯಿತು. ಮರುಳಸಿದ್ದಪ್ಪನಿಗೆ ಮುಂದಿನ ಕುರ್ಚಿ ಹಾಕಿದರು. ಮುದುಕರು ಮೊದಲು ಕೇಳಿದ್ದು ಒಂದೇ: "ರೊಕ್ಕ ಕೊಟ್ಟೀರಿಲ್ಲೋ? ರಸೀದಿ ಬಂತೋ?"

"ಬಂದೈತಿ ತಾತ. ನೋಡ್ರಿ" ಎಂದು ಪೂಜಿತಾ ಪರದೆಯ ಮೇಲೆ ತೋರಿಸಿದಳು.

ಸಿನಿಮಾ ಮುಗಿದಾಗ ಅವರ ಕಣ್ಣು ಒದ್ದೆಯಾಗಿದ್ದವು. ಮರುದಿನ ಕ್ಷೌರದಂಗಡಿಯಲ್ಲಿ, ಮಠದಲ್ಲಿ, ಹಾಲಿನವನ ಹತ್ತಿರ, ಎಲ್ಲರ ಮುಂದೂ ಅದೇ ಮಾತು: "ಕೊಂಡು ತಂದೀವಿ. ಕಂಪನಿಯವರ ಕೂಡ ಮಾತಾಡಿ ಕೊಂಡು ತಂದೀವಿ." ಮೊಮ್ಮಗಳ ಕಡೆಯಿಂದ ಮೌಸು ಹಿಡಿಯುವುದನ್ನು ಕಲಿತು, ಬಂದವರಿಗೆಲ್ಲ ಆ ಚಿತ್ರ ತೆಗೆದು ತೋರಿಸತೊಡಗಿದರು. ಚಹಾ ಮಾಡಿ ಮಾಡಿ ಗಂಗಾಂಬಿಕಾಗೆ ಸಾಕಾಯಿತು. ಆದರೂ ಒಳಗೊಳಗೆ ಹಿಗ್ಗಿದಳು. ಆ ಹಿಗ್ಗಿನಲ್ಲೇ ಒಂದು ದಿನ ಗಂಡನನ್ನು ದೇವರ ಜಗುಲಿಯ ಮುಂದೆ ನಿಲ್ಲಿಸಿದಳು.

"ಉಳಿದ ಕಳ್ಳ ಪಿಚ್ಚರೆಲ್ಲಾ ಅಳಿಸೀನಿ ಅಂತ ಹೇಳ್ರಿ."

"ಅಳಿಸೀನಿ."

"ಜಗಲಿ ಮುಟ್ಟಿ ಹೇಳ್ರಿ."

ಮುರುಗೇಶ ಮುಟ್ಟಿ ಹೇಳಿದ.

ಆಣೆ ಮಾಡುವುದು ಸುಲಭ, ವ್ಯಾಪಾರ ಕಷ್ಟ. ರೊಕ್ಕ ಕೊಟ್ಟು ತಂದ ಸಿನಿಮಾ ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತಿತ್ತು. ಮೆಮೊರಿ ಕಾರ್ಡಿಗೆ ಹಾಕಿದರೆ ಕಪ್ಪು ಪರದೆ. ಪೂಜಿತಾ ಕಂಪನಿಗೆ ಫೋನು ಮಾಡಿ, ನಮ್ಮ ಅಂಗಡಿಯಲ್ಲಿ ಬೇರೆಯವರಿಗೆ ತುಂಬಿಸಿ ಕೊಡಬಹುದೇ ಎಂದು ಕೇಳಿದಳು. ಮನೆಯವರು ನೋಡುವುದಕ್ಕೆ ಮಾತ್ರ ಎಂದು ಆ ಹುಡುಗಿ ನಯವಾಗಿ ಹೇಳಿದಳು. ಮುರುಗೇಶ ಕಂಪನಿಯ ಅಸಲಿ ಸಿಡಿಗಳನ್ನು ಒಂದು ಡಬ್ಬ ತರಿಸಿ ಅಂಗಡಿಯಲ್ಲಿ ಜೋಡಿಸಿದ. ಮೇಷ್ಟ್ರೊಬ್ಬರು ಒಂದು ಕೊಂಡರು. ಡ್ರೈವರುಗಳು ಕೈಯಲ್ಲಿ ತಿರುಗಿಸಿ ನೋಡಿ ಇಟ್ಟು ಹೋದರು.

"ಲಾರಿ ಕ್ಯಾಬಿನ್ನಿನಾಗ ಸಿಡಿ ಎಲ್ಲಿ ತೂರಿಸ್ಲಿ ಮುರುಗೇಶಣ್ಣಾ?"

ಹಾಲೇಶನ ಮುಲಾಮಿನ ಡಬ್ಬಿ ಮನೆಗೆ ಬರುವುದು ಮಾತ್ರ ನಿಲ್ಲಲಿಲ್ಲ. ಈಗ ಅದು ಬರುತ್ತಿದ್ದುದು ಗಂಗಾಂಬಿಕಾ ನಳದ ನೀರಿಗೆ ನಿಂತ ಹೊತ್ತಿನಲ್ಲಿ.

ಅದನ್ನು ಕಂಡು ಹಿಡಿದವಳು ಪೂಜಿತಾ. ಕಾಲೇಜಿನ ಏನನ್ನೋ ಇಟ್ಟುಕೊಳ್ಳಲು ಹೋದರೆ ಕಂಪ್ಯೂಟರು ಜಾಗ ಇಲ್ಲ ಎಂದಿತು. ಇದ್ದ ಜಾಗವನ್ನೆಲ್ಲ ನುಂಗಿದವರು ಯಾರು ಎಂದು ಹುಡುಕುತ್ತಾ ಹೋದಳು. ಭಕ್ತಿ ಚಿತ್ರದ ಪಕ್ಕದಲ್ಲೇ ಒಂದು ಫೋಲ್ಡರು, ಮೇಲೆ ಇಂಗ್ಲಿಷ್ ಅಕ್ಷರದಲ್ಲಿ 'ವಚನ' ಎಂದು ಬರೆದಿತ್ತು. ತೆರೆದಳು. ಅಪ್ಪ ಅಳಿಸಿದ್ದೇನೆಂದು ಆಣೆ ಇಟ್ಟ ಪಿಚ್ಚರುಗಳೆಲ್ಲ ಅದರೊಳಗಿದ್ದವು. ಹೋದ ವಾರ ಬಿಡುಗಡೆಯಾದದ್ದೂ ಇತ್ತು.

ಅಪ್ಪ ಹಿತ್ತಲಲ್ಲಿ ಬೈಕು ತೊಳೆಯುತ್ತಿದ್ದಾಗ ಹೋಗಿ ನಿಂತಳು.

"ಅಪ್ಪಾ, ವಚನದಾಗ ಏನೈತಿ?"

ಮುರುಗೇಶ ಸುತ್ತ ನೋಡಿದ. "ನಿಮ್ಮವ್ವಗ ಹೇಳಬ್ಯಾಡ. ಪೊಲೀಸ್ನೋರು ಬಂದ್ರೂ ವಚನ ಅಂತ ಬರದಿದ್ದು ತಗದು ನೋಡ್ತಾರೇನು? ದೀಪಾವಳಿ ಒಂದು ಮುಗೀಲಿ, ಎಲ್ಲಾ ತಗದು ಹಾಕ್ತೀನಿ."

"ಪೊಲೀಸ್ನೋರು ನೋಡಲಿಕ್ಕಿಲ್ಲ. ತಾತ ನೋಡಿದ್ರ?"

"ಆತಗ ಒಂದು ಸಿನಿಮಾ ಬಿಟ್ಟು ಏನು ತಗಿಯಾಕ ಬರ್ತೈತಿ? ಇದೇನು ವಚನ ಅಂತ ಕೇಳಿದ್ರು ಒಮ್ಮೆ. ಇನ್ನಾ ಪೂರ್ತಿ ತುಂಬಿಲ್ಲ, ತುಂಬಿದ ಮ್ಯಾಲೆ ನಾನ ಹಚ್ಚಿ ಕೊಡ್ತೀನಿ ಅಂದೀನಿ."

ಪೂಜಿತಾ ಅವ್ವನಿಗೆ ಹೇಳಲಿಲ್ಲ. ಹೇಳಿದರೆ ಮನೆ ಹೊತ್ತಿ ಉರಿಯುತ್ತದೆ. ಅವತ್ತಿನಿಂದ ತಾತ ಮೌಸು ಹಿಡಿದಾಗಲೆಲ್ಲ ಆಕೆ ಓದುವ ಪುಸ್ತಕ ಮಡಿಚಿಟ್ಟು ಪಕ್ಕದಲ್ಲಿ ಬಂದು ಕೂರುತ್ತಿದ್ದಳು. ಮೊಮ್ಮಗಳಿಗೆ ಭಕ್ತಿ ಹುಟ್ಟಿತೆಂದು ಮುದುಕರಿಗೆ ಭಾರೀ ಸಂತೋಷ.

ದೀಪಾವಳಿಗೆ ಮೊದಲೇ ಆ ಬೆಳಿಗ್ಗೆ ಬಂತು. ಹಿಂದಿನ ದಿನ ಅದಿರು ಲಾರಿಯೊಂದು ಬೀದಿಯ ಕರೆಂಟು ಕಂಬಕ್ಕೆ ಗುದ್ದಿ ಹೋಗಿತ್ತು. ಪೂಜಿತಾ ಕಾಲೇಜಿಗೆ ಹೋಗಿದ್ದಳು, ಮುರುಗೇಶ ಅಂಗಡಿಯಲ್ಲಿದ್ದ. ಗಂಗಾಂಬಿಕಾ ಅಂಗಳಕ್ಕೆ ನೀರು ಹಾಕಿ ತಲೆಯೆತ್ತಿದರೆ ಗೇಟಿನಲ್ಲಿ ಖಾಕಿ ಬಟ್ಟೆ.

"ಮರುಳಸಿದ್ದಪ್ಪನೋರ ಮನಿ ಇದಾ ಏನ್ರೀ?"

ಅವಳು ಹೌದೆಂದು ತಲೆಯಾಡಿಸಿದಳು. ಕಾನ್‌ಸ್ಟೇಬಲ್ ಉಚ್ಚೆಂಗೆಪ್ಪ ತಾನೇ ಮುಂದುವರಿಸಿದ: "ಕಂಬಕ್ಕ ಲಾರಿ ಗುದ್ದಿದ್ದು ಯಜಮಾನ್ರು ನೋಡ್ಯಾರಂತ. ಒಂದೀಟು ಕೇಳಿ ಹೋಗೋಣಂತ ಬಂದೆ."

ಕಂಬದ ಮಾತು! ಗಂಗಾಂಬಿಕಾಗೆ ಹೋದ ಜೀವ ಬಂದಂತಾಯಿತು. ಅಲ್ಲೇ ಕೈಮುಗಿಯಬೇಕು ಅನ್ನಿಸಿತು. ಚಹಾ ಇಡಲು ಒಳಗೆ ಹೋದಳು.

ಮರುಳಸಿದ್ದಪ್ಪ ಲಾರಿಯ ಬಣ್ಣ, ಡ್ರೈವರಿನ ತಲೆಯ ಟವೆಲ್ಲು ಎಲ್ಲ ಹೇಳಿದರು. ಹೇಳಿ ಮುಗಿಸಿ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮನೆಗೆ ಬಂದವರನ್ನು ಬರಿದೇ ಕಳಿಸುವ ಅಭ್ಯಾಸ ಅವರಿಗಿಲ್ಲ.

"ಕುಂದ್ರಿ ಕುಂದ್ರಿ. ಚಾ ಬರೋತನಕ ನಮ್ಮ ಸಿನಿಮಾ ನೋಡ್ರಿ. ಇಂಟರ್ನೆಟ್‌ನ್ಯಾಗ ರೊಕ್ಕ ಕೊಟ್ಟು ತಂದೀವಿ. ಈ ಊರಾಗ ಹಿಂಗ ಕೊಂಡೋರು ನಾವ ಮೊದಲು. ನಿಮ್ಮಂಥೋರು ನೋಡ್ಬೇಕು ಇದನ್ನ."

"ಹೌದೇನ್ರೀ? ಭಾಳ ಚೊಲೋ" ಎಂದು ಉಚ್ಚೆಂಗೆಪ್ಪ ಟೋಪಿ ತೆಗೆದು ಕೂತ. ಸ್ವಲ್ಪ ಹೊತ್ತು ನೋಡಿ, ಮರ್ಯಾದೆಗೆ ಕೇಳಿದ: "ವಚನ ಪಚನ ಇಲ್ಲೇನ್ರೀ ಯಜಮಾನ್ರೇ? ನಮ್ಮ ಮುದುಕಿಗೆ ಭಾಳ ಹುಚ್ಚು."

"ಐತ್ರೀ! ನಮ್ಮ ಹುಡುಗ ತುಂಬಸಾಕತ್ಯಾನ. ಎಷ್ಟು ತುಂಬೈತೋ ನೋಡೋಣು."

ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಮಿಲ್ಲಿನ ಕಾಲದಿಂದ ಅವರಿಗೆ ಬರುತ್ತಿತ್ತು. ತಡಕಾಡಿ, ಎರಡು ಸಲ ಒತ್ತಿ, ಒಳಗಿನ ಮೊದಲನೆಯದನ್ನು ಮತ್ತೆ ಒತ್ತಿದರು.

ಗಂಗಾಂಬಿಕಾ ಚಹಾದ ಲೋಟ ಹಿಡಿದು ಬಾಗಿಲಿಗೆ ಬಂದಾಗ ನಡುಮನೆಯಲ್ಲಿ ಶಿಳ್ಳೆ ಬೀಳುತ್ತಿದ್ದವು. ಪರದೆಯ ಮೇಲೆ ಟಾಕೀಸಿನ ಪರದೆ ಸೊಟ್ಟಗೆ ಕಾಣುತ್ತಿತ್ತು. ನಾಯಕ ಕುಣಿಯುತ್ತಿದ್ದ. ಮುಂದಿನ ಸಾಲಿನವನೊಬ್ಬ ಎದ್ದು ಅಡ್ಡ ಹೋದ, ಅವನ ತಲೆ ಅರ್ಧ ಪರದೆ ಮುಚ್ಚಿತು. ಯಾರೋ ಕೆಮ್ಮಿದರು.

"ಈ ಪಿಚ್ಚರ್ ಟಾಕೀಸಿಗೆ ಬಂದು ಇನ್ನಾ ಹತ್ತು ದಿನ ಆಗಿಲ್ಲಲ್ರೀ ಯಜಮಾನ್ರೇ" ಎಂದ ಉಚ್ಚೆಂಗೆಪ್ಪ ಮೆಲ್ಲಗೆ.

ಮುದುಕರಿಗೆ ಮೊದಲು ಅರ್ಥವಾಗಲಿಲ್ಲ. ಇನ್ನೊಂದು ತೆಗೆದರು. ಅದರಲ್ಲೂ ಶಿಳ್ಳೆ. ಮತ್ತೊಂದು. ಆಮೇಲೆ ಅರ್ಥವಾಯಿತು. ನಿಲ್ಲಿಸಲು ಎಲ್ಲೆಲ್ಲೋ ಒತ್ತಿದರು, ಏನೂ ನಿಲ್ಲಲಿಲ್ಲ. ಗಂಗಾಂಬಿಕಾ ಲೋಟ ಕೆಳಗಿಟ್ಟು ಓಡಿ ಬಂದು ಗೋಡೆಯ ವೈರನ್ನೇ ಕಿತ್ತಳು.

ಉಚ್ಚೆಂಗೆಪ್ಪ ಚಹಾ ಕುಡಿದ. ಟೋಪಿ ಹಾಕಿಕೊಂಡ. ಗೇಟಿನ ತನಕ ಬಂದ ಗಂಗಾಂಬಿಕಾಗೆ ತಗ್ಗಿದ ದನಿಯಲ್ಲಿ ಹೇಳಿದ: "ನಾ ಏನೂ ನೋಡಿಲ್ಲ ತಂಗಿ. ಆದ್ರ ಸಾಹೇಬ್ರು ಹೊಸಬರು ಬಂದಾರ. ಇವತ್ತು ನಾ ಬಂದೆ. ನಾಳಿ ಯಾರ್ ಬರ್ತಾರೋ ಹೇಳಾಕ ಬರಂಗಿಲ್ಲ."

ಮಧ್ಯಾಹ್ನ ಮುರುಗೇಶ ಊಟಕ್ಕೆ ಬಂದ. ತಂದೆ ಮಗನಿಗೆ ಒಟ್ಟಿಗೆ ತಾಟು ಹಾಕುವುದು ಆ ಮನೆಯ ರೂಢಿ. ಮರುಳಸಿದ್ದಪ್ಪ ತಾಟನ್ನು ಮುಂದಕ್ಕೆ ಸರಿಸಿದರು.

"ಕಳವು ಮಾಡಿದ್ದು ಒಂದು ಪಾಪ. ಅದನ್ನ ವಚನ ಅಂತ ಹೆಸರಿಟ್ಟು ಮುಚ್ಚಿಟ್ಟಿ ಅಲ್ಲಲೇ. ಹ್ಯಾಂಗ ಮನಸ್ಸು ಬಂತು ನಿನಗ?"

"ಅಪ್ಪಾ, ಎಲ್ಲಾರೂ ಮಾಡ್ತಾರ..."

"ಕಂಪ್ಲಿಯಾಗ ಎಲ್ಲಾರೂ ಅಕ್ಕ್ಯಾಗ ಕಲ್ಲು ಹಾಕ್ತಿದ್ರು. ನಾ ಹಾಕ್ಲಿಲ್ಲ. ಅದಕ್ಕ ಮಿಲ್ಲು ಹೋತು, ಹೋಗಲಿ ಅಂದೆ. ಆ ರೊಕ್ಕದಾಗ ನಿನಗ ಅಂಗಡಿ ಹಾಕಿಕೊಟ್ಟೆ." ಮುದುಕರು ಸೊಸೆಯ ಕಡೆ ತಿರುಗಿದರು. "ಈ ಅನ್ನ ನನಗ ಬ್ಯಾಡವ್ವಾ ಗಂಗಮ್ಮ. ತಗದುಬಿಡು."

ಗಂಗಾಂಬಿಕಾ ಗಂಡನತ್ತ ನೋಡಿದಳು. ಜಗುಲಿ ಮುಟ್ಟಿದ ಕೈ ಅನ್ನದಲ್ಲಿತ್ತು. ಅವಳಿಗೆ ಭಯ ಬಿಟ್ಟು ಬೇರೇನೂ ಉಳಿದಿರಲಿಲ್ಲ.

"ನಾಳಿ ನಾನ ಸ್ಟೇಷನ್ನಿಗೆ ಹೋಗ್ತೀನಿ" ಎಂದರು ಮರುಳಸಿದ್ದಪ್ಪ.

"ತಲಿ ಕೆಟ್ಟೈತೇನು ಅಪ್ಪಾ? ಪೊಲೀಸಿನವ ನೋಡಿದ್ರೂ ಬಿಟ್ಟು ಹೋಗ್ಯಾನ!"

"ಅವ ಬಿಟ್ಟ. ನಾ ಬಿಡಬೇಕಲ್ಲ."

ಸಿಟ್ಟಿನ ಮಾತು, ಬೆಳಗಾದರೆ ಇಳಿಯುತ್ತದೆ ಎಂದುಕೊಂಡರು ಎಲ್ಲರೂ. ಬೆಳಗಾದಾಗ ಮುದುಕರ ಕೋಣೆ ಖಾಲಿ. ಗೂಟದಲ್ಲಿದ್ದ ಮಡಿ ಧೋತರ ಇರಲಿಲ್ಲ, ವಿಭೂತಿಯ ಬಟ್ಟಲು ತೆರೆದಿತ್ತು. ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ್ದ ಅಂಗಡಿಯ ಲೈಸೆನ್ಸೂ ಇರಲಿಲ್ಲ.

ಸುದ್ದಿ ಕೇಳಿ ಹಾಲೇಶ ಫೋನಿನಲ್ಲಿ ಕಿರುಚಿದ, ಅಡುಗೆಮನೆಗೂ ಕೇಳುವಂತೆ: "ಅಣ್ಣಾ, ಜಲ್ದಿ ಸಂಡೂರಿಗೆ ಬಾ. ನನ್ನ ರೂಮಿನಾಗ ಇರು. ಅಪ್ಪ ಮುದುಕ, ಬೈದು ಕಳಿಸ್ತಾರ. ನೀ ಸಿಕ್ಕಿದ್ರ ಒಳಗ ಹಾಕ್ತಾರ!"

ಮುರುಗೇಶ ಬೈಕಿನ ಕೀಲಿ ತೆಗೆದುಕೊಂಡ. ಹೆಂಡತಿಯ ಮುಖ ನೋಡಲಿಲ್ಲ. ಗಾಡಿಯ ಸದ್ದು ಬೀದಿಯ ಕೊನೆಯಲ್ಲಿ ಯಾವ ಕಡೆ ತಿರುಗಿತೋ ಗೊತ್ತಾಗಲಿಲ್ಲ.

ಗಂಗಾಂಬಿಕಾ ಒಲೆ ಹಚ್ಚಿ ರೊಟ್ಟಿ ಬಡಿಯಲು ಕೂತಳು. ಎಣ್ಣೆಗಾಯಿ ಮಾಡಿದಳು, ಶೇಂಗಾ ಚಟ್ನಿ ಕಟ್ಟಿದಳು.

"ತಾತಗ ಇಷ್ಟು ಯಾಕವ್ವಾ?" ಕಾಲೇಜಿಗೆ ಹೋಗದೆ ಕೂತಿದ್ದ ಪೂಜಿತಾ ಕೇಳಿದಳು.

"ಇಬ್ರಿಗೆ" ಎಂದಳು ಗಂಗಾಂಬಿಕಾ.

"ಅಪ್ಪ ಸಂಡೂರಿಗೆ ಹೋದ್ರಲ್ಲ?"

ಗಂಗಾಂಬಿಕಾ ಕ್ಯಾರಿಯರಿನ ಚಿಲಕ ಹಾಕಿ ತಲೆಯ ಮೇಲೆ ಸೆರಗು ಹೊದ್ದಳು.

ಸ್ಟೇಷನ್ನಿನ ಗೇಟಿನಲ್ಲಿ ಹುಲುಗಮ್ಮ ನಿಂತಿದ್ದ ಜಾಗವೇ. ಅವಳೂ ನಿಂತಳು. ಹುಡುಕಬಾರದು ಎಂದುಕೊಂಡರೂ ಕಣ್ಣು ಬೈಕನ್ನು ಹುಡುಕಿತು. ಇರಲಿಲ್ಲ. ಒಳಗೆ ವರಾಂಡದ ಬೆಂಚಿನ ಮೇಲೆ ಮಾವ ಒಬ್ಬರೇ ಕೂತಿದ್ದರು, ಲೈಸೆನ್ಸಿನ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು. ಉಚ್ಚೆಂಗೆಪ್ಪ ಬಂದು ಗೇಟು ತೆರೆದ.

"ಎಷ್ಟು ಹೇಳಿದ್ರೂ ಎದ್ದು ಹೋಗವಲ್ರು ತಂಗಿ. ಸಾಹೇಬ್ರು ಬರೋತನಕ ಕುಂದ್ರತೀನಿ ಅಂತಾರ. ಅಂಗಡಿ ನಂದು, ತಪ್ಪೂ ನಂದು ಅಂತಾರ."

ಬುತ್ತಿ ಬಿಚ್ಚಿದರೆ ಮುದುಕರು ತಲೆ ಅಲ್ಲಾಡಿಸಿದರು. "ಬ್ಯಾಡವ್ವ."

ಅಷ್ಟರಲ್ಲಿ ಗೇಟಿನ ಹೊರಗೆ ಆಟೋ ನಿಂತಿತು. ಮುರುಗೇಶ ಇಳಿದ. ಮೈತುಂಬ ಕೆಂಪು ಧೂಳು, ಸಂಡೂರಿನ ದಾರಿ ಅರ್ಧಕ್ಕೂ ಹೆಚ್ಚು ಹೋಗಿ ಬಂದದ್ದು ಕೇಳದೆಯೇ ತಿಳಿಯುತ್ತಿತ್ತು. ಹಾಸಿಗೆ ಚಾದರದಲ್ಲಿ ಸುತ್ತಿದ ಏನನ್ನೋ ಎದೆಗವಚಿಕೊಂಡು ಒಳಗೆ ಬಂದು, ಬೆಂಚಿನ ಮುಂದೆ ಇಳಿಸಿದ. ಮನೆಯ ಕಂಪ್ಯೂಟರು. ಅದನ್ನು ತರಲೆಂದೇ ಬೈಕನ್ನು ಮನೆಯಲ್ಲಿ ಬಿಟ್ಟು ಆಟೋ ಹಿಡಿದಿದ್ದ.

"ಇದರಾಗ ಇರೋದೆಲ್ಲಾ ನಂದ್ರೀ" ಎಂದ ಉಚ್ಚೆಂಗೆಪ್ಪನಿಗೆ. "ಅಪ್ಪಂದೇನೂ ಇಲ್ಲ. ಹೆಸರು ಅಷ್ಟ ಅವರದು. ಅವರನ್ನ ಮನಿಗೆ ಕಳಸ್ರಿ."

ಮರುಳಸಿದ್ದಪ್ಪ ಮಗನನ್ನು ನೋಡಿದರು, ಚಾದರದ ಗಂಟನ್ನು ನೋಡಿದರು.

"ನಮ್ಮ ಸಿನಿಮಾನೂ ಇದರಾಗ ಐತಲ್ಲೋ?"

"ಹೂಂ ಅಪ್ಪ. ಅದು ಇದರಾಗ ಬಿಟ್ಟು ಬ್ಯಾರೆ ಕಡೆ ನಡ್ಯಂಗಿಲ್ಲ."

"ಇರ್ಲಿ ಬಿಡು. ರೊಕ್ಕ ಕೊಟ್ಟು ತಂದದ್ದು ಒಂದಾದ್ರೂ ಇರ್ಲಿ ಅದರಾಗ."

ಅವರು ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟರು. ಗಂಗಾಂಬಿಕಾ ತಂದ ರೊಟ್ಟಿಯನ್ನು ಎರಡು ಮಾಡಿ ಒಂದನ್ನು ಮಗನ ಕೈಗಿಟ್ಟರು, ಒಂದನ್ನು ತಾವು ಇಟ್ಟುಕೊಂಡರು. ಹೊರಗೆ ಜೀಪು ಬಂದು ನಿಂತ ಸದ್ದಾಯಿತು. ಉಚ್ಚೆಂಗೆಪ್ಪ ಟೋಪಿ ಸರಿಮಾಡಿಕೊಂಡು ಓಡಿದ. ಮುರುಗೇಶ ರೊಟ್ಟಿ ಹಿಡಿದೇ ಗೇಟಿನ ಕಡೆ ನೋಡಿದ. ಗಂಗಾಂಬಿಕಾ ಕ್ಯಾರಿಯರಿನ ಹಿಡಿಯನ್ನು ಬಿಗಿಯಾಗಿ ಹಿಡಿದಳು.

"ಉಣ್ಣು ಮೊದ್ಲು" ಎಂದರು ಮರುಳಸಿದ್ದಪ್ಪ. "ನಾ ಇಲ್ಲೇ ಅದೀನಿ."